ಭತ್ತದ ಹೊಟ್ಟಿನ ತಟ್ಟೆ ಹೊಲದಲ್ಲಿ ಕೊಳೆತು ಗೊಬ್ಬರವಾಗುತ್ತದೆಯೇ?

‘ಭತ್ತದ ಹೊಟ್ಟಿನಿಂದ ಮಾಡಿದ್ದು, ಹೊಲಕ್ಕೆ ಎಸೆದರೆ ಗೊಬ್ಬರ’ ಎಂಬ ಮೆಸೇಜ್ ನಿಮಗೂ ಬಂದಿದೆಯೇ? ನಮ್ಮ ಉತ್ತರ: ಅರ್ಧ ಸತ್ಯ.

ಗಿಲ್ಲೆಸುಗೂರು, ಮಾನ್ವಿ ಕಡೆ ಹೊಟ್ಟಿಗೇನೂ ಬರವಿಲ್ಲ. ಅದನ್ನು ಪುಡಿ ಮಾಡಿ ಪ್ಲಾಸ್ಟಿಕ್‌ಗೆ ಬೆರೆಸಿದರೆ ವಸ್ತು ಗಡುಸಾಗುತ್ತದೆ, ಪ್ಲಾಸ್ಟಿಕ್ ಕಡಿಮೆ ಸಾಕಾಗುತ್ತದೆ. ಆದರೆ ಹೊಟ್ಟು ತಾನೇ ತಟ್ಟೆಯಾಗದು, ಹಿಡಿದಿಡಲು ಅಂಟು ಬೇಕು. ಕೊಳೆಯುವುದೋ ಇಲ್ಲವೋ ಎಂಬುದು ಆ ಅಂಟಿನ ಮೇಲೆ ನಿಂತಿದೆ. ಪಾಲಿಪ್ರೊಪಿಲೀನ್ ಅಥವಾ ಮೆಲಮೈನ್ ಇದ್ದರೆ ಅದು ಹೊಟ್ಟು ಸೇರಿದ ಮಾಮೂಲಿ ಪ್ಲಾಸ್ಟಿಕ್, ಅಷ್ಟೇ.

ಮೆಕ್ಕೆಜೋಳ, ಕಬ್ಬಿನ ಸಕ್ಕರೆಯಿಂದ ತಯಾರಾಗುವ ಪಿಎಲ್‌ಎ ಕೊಳೆಯುತ್ತದೆ ನಿಜ. ಅದಕ್ಕೆ ತೇವದ ಜೊತೆ ವಾರಗಟ್ಟಲೆ ಸುಮಾರು 58 ಡಿಗ್ರಿ ಶಾಖ ಬೇಕು. ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ಇದು ಸಾಧ್ಯ. ರಾಯಚೂರಿನ ಬಿಸಿಲು ಎಷ್ಟೇ ಸುಟ್ಟರೂ ಹೊಲದ ಮಣ್ಣಿನಲ್ಲಿ ಆಗದು. ಗೆಣಸಿನ ಪಿಷ್ಟದಂಥವು ಬೇಗ ಕೊಳೆಯುತ್ತವೆ, ಆದರೆ ನೀರು ತಾಗಿದರೆ ಮೆತ್ತಗಾಗುತ್ತವೆ. ಹಾಗಾಗಿ ಅವಕ್ಕೂ ಬೇರೆ ಪಾಲಿಮರ್ ಬೆರೆಸುವುದುಂಟು.

2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ದೇಶದಲ್ಲಿ ನಿಷೇಧವಿದೆ, ಕಾಂಪೋಸ್ಟಬಲ್ ಪ್ಲಾಸ್ಟಿಕ್‌ಗೆ ವಿನಾಯಿತಿ ಇದೆ. ಕೊಳ್ಳುವಾಗ ‘ಕಾಂಪೋಸ್ಟಬಲ್’ ಎಂಬ ಮುದ್ರೆ, ಐಎಸ್ 17088 ಸಂಖ್ಯೆ ಇದೆಯೇ ನೋಡಿ. ಬರೀ ‘ಪರಿಸರಸ್ನೇಹಿ’ ಎಂದಿದ್ದರೆ ನಂಬಬೇಡಿ. ಮುದ್ರೆ ಇದ್ದರೂ ಊಟದ ತಟ್ಟೆಗಳನ್ನು ದನ ಮೇಯುವಲ್ಲಿ ಎಸೆಯಬೇಡಿ. ಅನ್ನದ ವಾಸನೆಗೆ ಅವು ತಟ್ಟೆಯನ್ನೂ ನುಂಗುತ್ತವೆ.