ಹಾಸ್ಟೆಲಿನ ಭಟ್ಟರು ಮತ್ತು 309ನೆಯ ಕಲಮು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಎಂಟನೆಯ ತರಗತಿಯಲ್ಲಿ ನನ್ನಲ್ಲಿ ಇತಿಹಾಸ ಓದಿದವಳು, ಈಗ ಪದವಿ ಕಾಲೇಜೊಂದರಲ್ಲಿ ಅಧ್ಯಾಪಕಿ. "ಮೇಷ್ಟ್ರೇ, ಮನಸ್ಸು ಕುಸಿದ ಮಕ್ಕಳ ಹತ್ತಿರ ಹೇಗೆ ಮಾತಾಡಬೇಕು ಅಂತ ನಮಗೆ ತರಬೇತಿ ಕೊಡ್ತಾರಂತೆ. ಗುಮಾಸ್ತರು, ಅಟೆಂಡರುಗಳು ಎಲ್ಲರೂ ಕೂರಬೇಕಂತೆ. ನಿಮ್ಮ ಕಾಲದಲ್ಲಿ ಏನು ಮಾಡ್ತಿದ್ರಿ?" ಎಂದು ಕೇಳಿದಳು. ಏನೂ ಮಾಡುತ್ತಿರಲಿಲ್ಲ ಎಂದು ಹೇಳಿ ಮಾತು ಬದಲಿಸಿದೆ. ಆ ಉತ್ತರ ಪೂರ್ಣ ಸತ್ಯವಲ್ಲ. ಅದನ್ನು ಸರಿಪಡಿಸಲೆಂದೇ ಈ ಬರಹ.

1967ರಲ್ಲಿ ನಾನು ಪದವಿ ವಿದ್ಯಾರ್ಥಿಯಾಗಿದ್ದೆ. ಊರಿನ ಹೆಸರೂ ಕಾಲೇಜಿನ ಹೆಸರೂ ಇಲ್ಲಿ ಬೇಡ. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿಯೇ ಇದ್ದ ಗೆಳೆಯನೊಬ್ಬ ಗಣಿತದಲ್ಲಿ ಬಹು ಜಾಣ. ಎರಡನೆಯ ವರ್ಷ ಒಂದು ಪತ್ರಿಕೆಯಲ್ಲಿ ಅನುತ್ತೀರ್ಣನಾದ. ಬರಬರುತ್ತ ಮಾತು ಕಡಿಮೆಯಾಯಿತು. ರಾತ್ರಿ ದೀಪ ಆರಿಸಿದ ಮೇಲೂ ಎದ್ದು ಕುಳಿತಿರುತ್ತಿದ್ದ. ಒಂದು ದಿನ ತನ್ನ ಹೊಸ ಇಂಕ್ ಪೆನ್ನನ್ನು "ನೀನೇ ಇಟ್ಕೊ, ನನಗಿನ್ನು ಬೇಡ" ಎಂದು ನನ್ನ ಕೈಗಿತ್ತ. ನಾನು ಸಂತೋಷದಿಂದ ಇಟ್ಟುಕೊಂಡೆ. ಪ್ರಿಯವಾದ ವಸ್ತುಗಳನ್ನು ಹೀಗೆ ಹಂಚಿಬಿಡುವುದು ಎಚ್ಚರಿಕೆಯ ಗುರುತುಗಳಲ್ಲಿ ಒಂದೆಂದು ಇಂದು ತರಬೇತಿಯ ಮೊದಲ ಪಾಠದಲ್ಲಿಯೇ ಹೇಳುತ್ತಾರೆ.

ಸಂಗತಿಯನ್ನು ಮೊದಲು ಗ್ರಹಿಸಿದವರು ಪ್ರಾಧ್ಯಾಪಕರಲ್ಲ, ಅಡುಗೆಯ ಭಟ್ಟರು. ಮೂರು ದಿನ ಪಂಕ್ತಿಯಲ್ಲಿ ಅವನ ಎಲೆ ಖಾಲಿ ಇದ್ದುದನ್ನು ನೋಡಿ, ನಾಲ್ಕನೆಯ ದಿನ ಒಂದು ಲೋಟ ಮಜ್ಜಿಗೆ ಹಿಡಿದು ನಮ್ಮ ಕೋಣೆಗೆ ಬಂದರು. ನನ್ನನ್ನು ಹೊರಗೆ ಕಳುಹಿಸಿ ಅವನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತರು. ಒಂದು ಗಂಟೆಯ ನಂತರ ಹೊರಬಂದು, "ಮಗು ಬದುಕೋದೇ ಬೇಡ ಅಂತಾನೆ, ಒಬ್ಬನೇ ಬಿಡಬೇಡಪ್ಪ" ಎಂದು ನನಗೆ ಹೇಳಿ ವಾರ್ಡನ್ನರ ಮನೆಯ ಕಡೆಗೆ ನಡೆದರು.

ವಾರ್ಡನ್ನರು ಕೆಟ್ಟವರಲ್ಲ, ಹೆದರಿದವರು. "ಇದು ಪೊಲೀಸರ ಕಿವಿಗೆ ಬಿದ್ದರೆ ಹಾಸ್ಟೆಲಿನ ಗತಿ ಏನು?" ಎಂಬುದೇ ಅವರ ಬಾಯಿಂದ ಬಂದ ಮೊದಲ ಮಾತು. ತಂದೆಗೆ ತಂತಿ ಹೋಯಿತು. ಮರುದಿನ ಸಂಜೆಯ ಬಸ್ಸಿಗೆ ಬಂದ ಆ ರೈತ, ಮಗನ ಟ್ರಂಕನ್ನು ಹೆಗಲಿಗೇರಿಸಿಕೊಂಡು, ಯಾರನ್ನೂ ಏನೂ ಕೇಳದೆ ಅವನನ್ನು ಕರೆದುಕೊಂಡು ಹೋದರು. ರಿಜಿಸ್ಟರಿನಲ್ಲಿ "ಸ್ವಂತ ಕಾರಣಗಳಿಂದ" ಎಂದು ಬರೆಯಲಾಯಿತು.

ಆ ಹೆದರಿಕೆಗೊಂದು ಚರಿತ್ರೆಯಿದೆ. 1860ರ ಭಾರತೀಯ ದಂಡಸಂಹಿತೆಯ 309ನೆಯ ಕಲಮಿನ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕುಳಿದವನು ಅಪರಾಧಿ. ಒಂದು ವರ್ಷದವರೆಗೆ ಸಾದಾ ಸೆರೆಮನೆ, ದಂಡ, ಇಲ್ಲವೇ ಎರಡೂ. ಬರಿದೇ ಯೋಚಿಸುವುದು ಅಪರಾಧವಾಗಿರಲಿಲ್ಲ. ಆದರೆ ಭಯಕ್ಕೆ ಕಲಮಿನ ಒಕ್ಕಣೆ ಓದುವ ವ್ಯವಧಾನವೆಲ್ಲಿ? ಈ ಕಾನೂನನ್ನು ನಮ್ಮ ಮೇಲೆ ಹೊರಿಸಿದ ಇಂಗ್ಲೆಂಡು ತನ್ನಲ್ಲಿದ್ದ ಇಂಥದೇ ಕಾನೂನನ್ನು 1961ರಲ್ಲಿಯೇ ಕೈಬಿಟ್ಟಿತು. ನಾವು ಜೋಪಾನವಾಗಿ ಉಳಿಸಿಕೊಂಡೆವು! 1994ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕಲಮನ್ನು ಅಸಿಂಧುವೆಂದಿತು. 1996ರಲ್ಲಿ ಐವರು ನ್ಯಾಯಾಧೀಶರ ಪೀಠ ಅದನ್ನು ಮತ್ತೆ ಊರ್ಜಿತಗೊಳಿಸಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ಕಲಮು, ಅಂಥ ವ್ಯಕ್ತಿ ತೀವ್ರ ಒತ್ತಡಕ್ಕೆ ಸಿಲುಕಿದವನೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ವಿಧಿಸಿ ಸರಕಾರದ ಮೇಲೆ ಆರೈಕೆಯ ಹೊಣೆ ಹೊರಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309 ಇಲ್ಲವಾಯಿತು. (ಸರಕಾರಿ ನೌಕರನನ್ನು ಮಣಿಸಲೆಂದು ಹಾಗೆ ಮಾಡಿದರೆ ಮಾತ್ರ ಇನ್ನೂ ಅಪರಾಧವೇ.) ಕಾನೂನು ಹೋದರೂ ವಾರ್ಡನ್ನರ ಭಯ ಎಷ್ಟು ಕಾಲೇಜುಗಳಿಂದ ಹೋಗಿದೆಯೋ ನೀವೇ ಹೇಳಬೇಕು.

ಇನ್ನೊಂದು ಕಥೆ ಭಟ್ಟರನ್ನು ನೆನಪಿಗೆ ತರುತ್ತದೆ. ಚಾಡ್ ವಾರಾ ಎಂಬ ಇಂಗ್ಲಿಷ್ ಪಾದ್ರಿ ವೃತ್ತಿಯ ಆರಂಭದಲ್ಲಿಯೇ ಒಬ್ಬ ಎಳೆಯ ಬಾಲಕಿಯ ಅಂತ್ಯಕ್ರಿಯೆ ನಡೆಸಬೇಕಾಯಿತು. ಮೊದಲ ಸಲ ಋತುಮತಿಯಾದುದನ್ನು ಯಾವುದೋ ಕೆಟ್ಟ ರೋಗವೆಂದು ತಿಳಿದು, ಕೇಳಲು ಯಾರೂ ಇಲ್ಲದೆ ಅವಳು ಜೀವ ಕಳೆದುಕೊಂಡಿದ್ದಳು. ಆ ನೋವು ಅವರನ್ನು ಬಿಡಲಿಲ್ಲ. 1953ರಲ್ಲಿ ಲಂಡನ್ನಿನ ತಮ್ಮ ಚರ್ಚಿನಲ್ಲಿ ದೂರವಾಣಿಯಿಟ್ಟುಕೊಂಡು ನೊಂದವರನ್ನು ಬರಮಾಡಿಕೊಳ್ಳತೊಡಗಿದರು. ಸಮಾರಿಟನ್ಸ್ ಸಂಸ್ಥೆ ಹುಟ್ಟಿದ್ದು ಹಾಗೆ. ಬಂದವರು ಸರದಿ ಕಾಯುವಾಗ ಚಹಾ ಕೊಟ್ಟು ಕೂರಿಸಲು ಕೆಲವರು ಸ್ವಯಂಸೇವಕರಿದ್ದರು. ಸ್ವಲ್ಪ ದಿನಗಳಲ್ಲಿ ವಾರಾ ಒಂದು ವಿಚಿತ್ರ ಗಮನಿಸಿದರು: ಅನೇಕರು ಚಹಾ ಕೊಟ್ಟವರೊಡನೆ ಮಾತನಾಡಿ, ಹಗುರಾಗಿ, ತಮ್ಮನ್ನು ಕಾಣದೆಯೇ ಹಿಂದಿರುಗುತ್ತಿದ್ದರು. ಅವರಿಗೇನೂ ಅಭಿಮಾನಭಂಗವಾಗಲಿಲ್ಲ. 1954ರ ಆರಂಭದಲ್ಲಿಯೇ ಕೇಳಿಸಿಕೊಳ್ಳುವ ಕೆಲಸವನ್ನು ಆ ಚಹಾದವರಿಗೇ ವಹಿಸಿದರು. ನಮ್ಮಲ್ಲಿ ಇದೇ ಬಗೆಯ ಕೆಲಸಕ್ಕೆ 1986ರಲ್ಲಿ ಚೆನ್ನೈನ 'ಸ್ನೇಹಾ' ಮುಂದಾಯಿತು.

ನನ್ನ ವಿದ್ಯಾರ್ಥಿನಿ ಹೇಳಿದ ತರಬೇತಿಯ ಮೂಲವೂ ಸ್ವಾರಸ್ಯಕರ. 2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಶಿಕ್ಷಣಸಂಸ್ಥೆಗಳಿಗೆ 15 ಮಾರ್ಗಸೂಚಿಗಳನ್ನು ವಿಧಿಸಿತು. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರೆಂಬ ಸರಕಾರಿ ಅಂಕಿ ಅದರ ಮುಂದಿತ್ತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರು ಇರಬೇಕು. ಬೋಧಕರಿಗೂ ಬೋಧಕೇತರರಿಗೂ ವರ್ಷಕ್ಕೆರಡು ಬಾರಿಯಾದರೂ ತರಬೇತಿ ಆಗಬೇಕು. ಬೋಧಕೇತರರಿಗೂ! ಆ ಪದವನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಮಜ್ಜಿಗೆಯ ಲೋಟ.

ಭಟ್ಟರು ಅಂದು ಬುದ್ಧಿಯಿಂದಲ್ಲದೆ ಹೃದಯದಿಂದ ಮಾಡಿದ್ದನ್ನೇ ಇಂದಿನ ತಜ್ಞರು ಶಾಸ್ತ್ರವಾಗಿ ಹೇಳುತ್ತಾರೆ. ಹತ್ತಿರ ಕುಳಿತುಕೊ, ಉಪದೇಶ ಬೇಡ, ಅವಸರ ಬೇಡ. "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ ಕೇಳು, ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬುದು ತಪ್ಪು ತಿಳಿವಳಿಕೆ. ಹೌದೆಂದರೆ ಒಬ್ಬರನ್ನೇ ಬಿಡಬೇಡ, ಗುಟ್ಟಾಗಿಡುತ್ತೇನೆಂದು ಮಾತು ಕೊಡಬೇಡ, ಬಲ್ಲವರ ಬಳಿಗೆ ಜೊತೆಯಲ್ಲಿಯೇ ಕರೆದುಕೊಂಡು ಹೋಗು. ಭಟ್ಟರಿಗೆ ಆ 'ಬಲ್ಲವರು' ಇರಲಿಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ 1954ರಿಂದಲೇ ಇತ್ತಾದರೂ (ನಿಮ್ಹಾನ್ಸ್ ಆದದ್ದು 1974ರಲ್ಲಿ) ಜನರ ಬಾಯಲ್ಲಿ ಅದು ಹುಚ್ಚಾಸ್ಪತ್ರೆ. ಆ ಹೆಸರು ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ. ಇಂದು 14416ಕ್ಕೆ ಕರೆ ಮಾಡಿದರೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲಿಯೇ ಮಾತನಾಡುವವರು ಸಿಗುತ್ತಾರೆ. ಇದನ್ನು ಓದುವ ನಿಮ್ಮಲ್ಲಿ ಯಾರಿಗಾದರೂ ಮನಸ್ಸು ಕುಸಿದಿದ್ದರೆ ಇಂದೇ ಕರೆ ಮಾಡಿ. ನನಗೂ ಮಾಡಬಹುದು, ಹೊತ್ತುಗೊತ್ತು ನೋಡಬೇಕಾಗಿಲ್ಲ.

ಇನ್ನೊಂದು ಮಾತನ್ನೂ ಅವಳಿಗೆ ಹೇಳಬೇಕು. ಮನೆಗೆ ಹೋದ ವಿದ್ಯಾರ್ಥಿಯನ್ನು ಮತ್ತೆ ವಿಚಾರಿಸುವುದು, ಹಿಂದಿರುಗಲು ದಾರಿ ತೆರೆದಿಡುವುದು. ನನ್ನ ಗೆಳೆಯ ಬದುಕಿದ; ಊರಿನಲ್ಲಿಯೇ ಬೇಸಾಯ ಮಾಡಿಕೊಂಡಿದ್ದನೆಂದು ಬಹುಕಾಲದ ಮೇಲೆ ತಿಳಿಯಿತು. ಪದವಿ ಮಾತ್ರ ಮುಗಿಸಲಿಲ್ಲ. ಮತ್ತೆ ಬಾ ಎಂದು ಕಾಲೇಜಿನಿಂದ ಯಾರೂ ಅವನಿಗೆ ಬರೆಯಲಿಲ್ಲ.

ಆ ವರ್ಷ ಪರೀಕ್ಷೆ ಮುಗಿಯುವವರೆಗೂ ಭಟ್ಟರು ಬಡಿಸುವಾಗ ನನ್ನ ಎಲೆಯ ಮುಂದೆ ಒಂದು ಕ್ಷಣ ನಿಲ್ಲುತ್ತಿದ್ದರು. "ಅವನ ಕಾಗದ ಬಂತೇನಪ್ಪ?" ಎಂದು ಕೇಳುತ್ತಿದ್ದರು. ಬರಲಿಲ್ಲ ಎನ್ನುತ್ತಿದ್ದೆ. ಅವನ ಪೆನ್ನು ನನ್ನ ಜೇಬಿನಲ್ಲಿಯೇ ಇರುತ್ತಿತ್ತು. ನಾನೂ ಅವನಿಗೆ ಒಂದು ಕಾಗದ ಬರೆದಿರಲಿಲ್ಲ.