ಉತ್ತರ ಕರ್ನಾಟಕದ ಮೊಹರಂ

ಉತ್ತರ ಕರ್ನಾಟಕದ ಹಳ್ಳಿ-ಪಟ್ಟಣಗಳಲ್ಲಿ ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಮೊಹರಂ ಹಬ್ಬವು ಇಸ್ಲಾಮೀ ಪಂಚಾಂಗದ ಮೊದಲ ತಿಂಗಳ ಹೆಸರನ್ನೇ ಪಡೆದಿದೆ. ಇದಕ್ಕೆ ಅಲಾಯಿ ಹಬ್ಬ, ಅಲಾಯಿ ದೇವರ ಹಬ್ಬ ಎಂಬ ಹೆಸರುಗಳೂ ಇವೆ. ಹಳೆಯ ಮೈಸೂರು ಸೀಮೆಯಲ್ಲಿ ಇದನ್ನು ಬಾಬಯ್ಯನ ಹಬ್ಬ ಎನ್ನುವರು. ಕರ್ಬಲಾದ ಕಾಳಗದಲ್ಲಿ ಮಡಿದ ಇಮಾಮ್ ಹುಸೇನರ ನೆನಪಿನಲ್ಲಿ ನಡೆಯುವ ಈ ಆಚರಣೆಯು ಶೋಕಾಚರಣೆಯೂ ಹೌದು, ಹರಕೆಯ ಜಾತ್ರೆಯೂ ಹೌದು. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿಯೂ ಇದು ನಡೆಯುತ್ತದೆ. ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಹಿರೇಬಿದನೂರು ಇದಕ್ಕೆ ಒಂದು ನಿದರ್ಶನ.

ಹಿನ್ನೆಲೆ

ಪ್ರವಾದಿ ಮುಹಮ್ಮದರ ಮೊಮ್ಮಗನಾದ ಹುಸೇನರು ಉಮಯ್ಯದ್ ವಂಶದ ಯಜೀದನ ಆಳ್ವಿಕೆಗೆ ನಿಷ್ಠೆ ಸೂಚಿಸಲು ಒಪ್ಪಲಿಲ್ಲ. ಹಿಜರಿ ಶಕ 61ರ ಮೊಹರಂ 10ರಂದು, ಅಂದರೆ ಕ್ರಿ.ಶ. 680ರ ಅಕ್ಟೋಬರ್‌ನಲ್ಲಿ, ಇಂದಿನ ಇರಾಕಿನ ಕರ್ಬಲಾ ಬಯಲಿನಲ್ಲಿ ಅವರು ತಮ್ಮ ಬಂಧುಗಳು ಹಾಗೂ ಸಂಗಡಿಗರೊಡನೆ ಹತರಾದರು. ಮಡಿದ ಸಂಗಡಿಗರು 72 ಮಂದಿ ಎಂಬುದು ಸಂಪ್ರದಾಯದ ಎಣಿಕೆ. ಸಾಯುವ ಮೊದಲು ಅವರ ಬಿಡಾರಕ್ಕೆ ಯೂಫ್ರೆಟಿಸ್ ನದಿಯ ನೀರು ಸಿಗದಂತೆ ತಡೆಯಲಾಗಿತ್ತು. ಮಕ್ಕಳಿಗಾಗಿ ನೀರು ತರಲು ಹೋದ ಮಲತಮ್ಮ ಅಬ್ಬಾಸನು ಎರಡೂ ತೋಳುಗಳನ್ನು ಕಳೆದುಕೊಂಡು ಪ್ರಾಣ ಬಿಟ್ಟನೆಂದು ಪರಂಪರೆ ಹೇಳುತ್ತದೆ. ಕನ್ನಡ ಹಳ್ಳಿಗಳ ಮೊಹರಂ ಅರ್ಥವಾಗಬೇಕಾದರೆ ಈ ನೀರಡಿಕೆಯ ಪ್ರಸಂಗವನ್ನು ಮರೆಯಬಾರದು. ಹಬ್ಬದ ದಿನಗಳಲ್ಲಿ ದಾರಿಹೋಕರಿಗೆಲ್ಲ ಜಾತಿ ಕೇಳದೆ ಬೆಲ್ಲದ ಪಾನಕ ಅಥವಾ ಶರಬತ್ತು ಹಂಚುವ ಪದ್ಧತಿಯ ಮೂಲ ಅಲ್ಲಿದೆ.

ಜನಪದ ಹಾಡುಗಳಲ್ಲಿ ಹಸನ್-ಹುಸೇನರು ಅವಳಿ ವೀರರಂತೆ ಜೊತೆಯಾಗಿಯೇ ಬರುತ್ತಾರೆ. ಇತಿಹಾಸದ ಪ್ರಕಾರ ಅಣ್ಣ ಹಸನರು ಕರ್ಬಲಾದ ಘಟನೆಗೆ ಸುಮಾರು ಹತ್ತು ವರ್ಷ ಮೊದಲೇ ಮದೀನಾದಲ್ಲಿ ತೀರಿಕೊಂಡಿದ್ದರು. ಆದರೆ ಅಣ್ಣ-ತಮ್ಮಂದಿರನ್ನು ಅಗಲಿಸಲು ಹಳ್ಳಿಯ ಮನಸ್ಸು ಒಪ್ಪಿದಂತಿಲ್ಲ.

ದಖ್ಖನಿನಲ್ಲಿ ಹಬ್ಬ ನೆಲೆಗೊಂಡದ್ದು

ಬಿಜಾಪುರದ ಆದಿಲ್‌ಶಾಹಿ ಮನೆತನದ ಸ್ಥಾಪಕನಾದ ಯೂಸುಫ್ ಆದಿಲ್ ಖಾನನು 16ನೆಯ ಶತಮಾನದ ಆರಂಭದಲ್ಲಿ ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದನು. ಮುಂದಿನ ಅರಸರಲ್ಲಿ ಕೆಲವರು ಸುನ್ನಿ ಪಂಥಕ್ಕೆ ಮರಳಿದರೂ ಮೊಹರಂ ಉಳಿಯಿತು. ನೆರೆಯ ಗೋಲ್ಕೊಂಡದ ಕುತುಬ್‌ಶಾಹಿಗಳು ಹೈದರಾಬಾದಿನಲ್ಲಿ 1590ರ ದಶಕದಲ್ಲಿ ಬಾದಶಾಹಿ ಆಶುರ್‌ಖಾನಾ ಕಟ್ಟಿಸಿದರು. ರಾಜಾಶ್ರಯದ ಕಾಲ ಮುಗಿದು ಶತಮಾನಗಳಾದವು. ಇಂದು ಕರ್ನಾಟಕದ ಮುಸ್ಲಿಮರಲ್ಲಿ ಹೆಚ್ಚಿನವರು ಸುನ್ನಿಗಳೇ. ಹಾಗಾಗಿ ಹಳ್ಳಿಯ ಮೊಹರಂ ಯಾವುದೇ ಒಂದು ಪಂಥದ ಶಾಸ್ತ್ರಕ್ಕೆ ಪೂರ್ತಿಯಾಗಿ ಒಳಪಡುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಂತಹ ಶಿಯಾ ಊರಿನಲ್ಲಿ ನಡೆಯುವುದು ಕಟ್ಟುನಿಟ್ಟಾದ ಶೋಕಾಚರಣೆ. ಅದರ ಸ್ವರೂಪವೇ ಬೇರೆ.

ಆಚರಣೆ

ಅಮಾವಾಸ್ಯೆ ಕಳೆದು ಚಂದ್ರದರ್ಶನವಾದ ಮೇಲೆ ಮಸೂತಿಯ ಮುಂದೆ ಗುದ್ದಲಿ ಹಾಕುವುದರೊಂದಿಗೆ ಹಬ್ಬ ತೊಡಗುತ್ತದೆ. ಗುದ್ದಲಿಯಿಂದ ಅಗೆದ ದುಂಡಗಿನ ಕುಣಿಯೇ ಅಲಾಯಿ ಕುಣಿ. ಪೆಟ್ಟಿಗೆಯಲ್ಲಿ ವರ್ಷವಿಡೀ ಇರಿಸಿದ ಲೋಹದ ಪಂಜಾಗಳನ್ನು ತೊಳೆದು, ಬಣ್ಣದ ಬಟ್ಟೆ ಹೂಮಾಲೆಗಳಿಂದ ಸಿಂಗರಿಸಿ ನಿಲ್ಲಿಸುವುದನ್ನು ‘ದೇವರು ಕೂಡಿಸುವುದು’ ಎನ್ನುತ್ತಾರೆ. ಪಂಜಾ ಎಂದರೆ ಐದು ಬೆರಳಿನ ಹಸ್ತ. ಪ್ರವಾದಿ, ಮಗಳು ಫಾತಿಮಾ, ಅಳಿಯ ಅಲಿ, ಮೊಮ್ಮಕ್ಕಳಾದ ಹಸನ್ ಹುಸೇನ್ ಎಂಬ ಐವರ ಸಂಕೇತ ಅದು.

ಸಕ್ಕರೆ, ಊದು, ಚೊಂಗೆ, ಮಾದಲಿ ಮುಂತಾದವನ್ನು ಭಕ್ತರು ತಂದು ಓದಿಕೆ ಮಾಡಿಸುತ್ತಾರೆ. ಮಕ್ಕಳಾಗಲೆಂದೋ ಮಕ್ಕಳ ಕಾಯಿಲೆ ವಾಸಿಯಾಗಲೆಂದೋ ಹರಕೆ ಹೊತ್ತವರು ಹಬ್ಬದ ದಿನಗಳ ಮಟ್ಟಿಗೆ ಫಕೀರರಾಗುತ್ತಾರೆ. ಒಂಬತ್ತನೆಯ ರಾತ್ರಿ ‘ಕತ್ತಲ ರಾತ್ರಿ’. ಕೊಲೆ ಎಂಬ ಅರ್ಥದ ಅರಬ್ಬೀ ಪದವು ಕನ್ನಡದ ಕಿವಿಗೆ ಕತ್ತಲೆಯಾಗಿ ಕೇಳಿಸಿದ್ದು ಸಹಜವೇ. ಅಂದು ಕುಣಿಯಲ್ಲಿ ಕಟ್ಟಿಗೆ ಒಟ್ಟಿ ಬೆಂಕಿ ಹೊತ್ತಿಸಿ ಜನ ಸುತ್ತ ಕುಣಿಯುತ್ತಾರೆ. ದೇವರು ಹಿಡಿದವರು ಕೆಂಡ ಹಾಯುವ ಪದ್ಧತಿಯೂ ಉಂಟು. ಹತ್ತನೆಯ ದಿನ ಮೆರವಣಿಗೆಯಲ್ಲಿ ಬೇರೆ ಬೇರೆ ಮಸೂತಿಗಳ ದೇವರು ಎದುರುಬದುರಾಗಿ ಬಂದು ತಾಗುವುದನ್ನು ಭೇಟಿ ಎನ್ನುತ್ತಾರೆ. ಅಣ್ಣ-ತಮ್ಮಂದಿರ ಕೊನೆಯ ಅಪ್ಪುಗೆಯೆಂದು ಭಾವಿಸಿ ನೆರೆದವರು ಕಣ್ಣೀರಿಡುವುದುಂಟು. ಬಳಿಕ ದೇವರನ್ನು ಹೊಳೆಗೆ ಒಯ್ದು, ಕುಣಿಯನ್ನು ಮುಚ್ಚುತ್ತಾರೆ. ರಾಯಚೂರು ಜಿಲ್ಲೆಯ ಮುದಗಲ್ಲಿನ ಹುಸೇನಿ ಆಲಂ ಮೊಹರಂ ಇವುಗಳಲ್ಲಿ ಬಹು ಪ್ರಸಿದ್ಧ. ನೆರೆಯ ರಾಜ್ಯಗಳಿಂದಲೂ ಅಲ್ಲಿಗೆ ಜನ ಬರುತ್ತಾರೆ.

ಹಿಜರಿ ವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದ್ದರಿಂದ ಹಬ್ಬವು ಋತುವಿನಿಂದ ಋತುವಿಗೆ ಸರಿಯುತ್ತ ಸುಮಾರು 33 ವರ್ಷಗಳಿಗೆ ಒಂದು ಸುತ್ತು ಮುಗಿಸುತ್ತದೆ. ಬಿತ್ತನೆ ಸುಗ್ಗಿಗಳಿಗೆ ಕಟ್ಟುಬಿದ್ದ ರೈತಸಮಾಜವು ಬೆಳೆಯೊಂದಿಗೆ ಯಾವ ಸಂಬಂಧವೂ ಇಲ್ಲದ ಹಬ್ಬವೊಂದನ್ನು ಇಷ್ಟು ಆಪ್ತವಾಗಿ ಉಳಿಸಿಕೊಂಡಿರುವುದು ಗಮನಿಸತಕ್ಕ ಸಂಗತಿ.

ಊರಿನ ಪಾಲುದಾರಿಕೆ

ಹಬ್ಬದ ಕೆಲಸಗಳು ಸಮುದಾಯಗಳ ನಡುವೆ ಹಂಚಿಕೆಯಾಗಿರುತ್ತವೆ. ಕುಣಿ ಅಗೆಯುವವರು, ಕಟ್ಟಿಗೆ ಕೊಡುವವರು, ಹಲಗೆ ಬಾರಿಸುವವರು, ದೇವರು ಹಿಡಿಯುವವರು ಇಂತಿಂತಹ ಮನೆತನದವರೆಂದು ರೂಢಿಯಿರುತ್ತದೆ. ಈ ಹಂಚಿಕೆಯಲ್ಲಿ ಜಾತಿಯ ಮೇಲು-ಕೀಳು ಇಲ್ಲವೇ ಇಲ್ಲವೆಂದು ಹೇಳಲಾಗದು. ಆದರೂ ಯಾರೊಬ್ಬರು ಹಿಂದೆ ಸರಿದರೂ ಹಬ್ಬ ನಿಲ್ಲುವುದರಿಂದ ಎಲ್ಲರೂ ಎಲ್ಲರನ್ನೂ ಕರೆಯಲೇಬೇಕಾಗುತ್ತದೆ. ಮುಸ್ಲಿಮರಿಲ್ಲದ ಊರಿನಲ್ಲಿ ಓದಿಕೆಗೆ ಪಕ್ಕದ ಊರಿನಿಂದ ಮುಲ್ಲಾನನ್ನು ಕರೆಸುತ್ತಾರೆ, ಇಲ್ಲವೇ ಹಿಂದೂ ಮನೆತನದವರೇ ಸೇವೆ ನಡೆಸುತ್ತಾರೆ.

ಇದರ ಅಚ್ಚಳಿಯದ ಗುರುತು ಜನರ ಹೆಸರುಗಳಲ್ಲಿದೆ. ಹುಸೇನಪ್ಪ, ಹುಸೇನಮ್ಮ, ಕಾಸಿಮಪ್ಪ, ಫಕೀರಪ್ಪ, ಫಕೀರವ್ವ ಎಂಬ ಹೆಸರುಗಳು ಈ ಭಾಗದ ಹಿಂದೂ ಕುಟುಂಬಗಳಲ್ಲಿ ಸಾಮಾನ್ಯ. ಶಾಲೆಯ ಹಾಜರಿ ಪುಸ್ತಕದಲ್ಲಿ ಇಂತಹ ಹೆಸರು ಕಂಡು ಧರ್ಮವನ್ನು ಊಹಿಸಹೊರಟವರು ತಪ್ಪುವುದೇ ಹೆಚ್ಚು.

ರಿವಾಯತ್ ಪದಗಳು

ಮೊಹರಂ ಕನ್ನಡಕ್ಕೆ ಕೊಟ್ಟ ದೊಡ್ಡ ಕೊಡುಗೆಯೆಂದರೆ ರಿವಾಯತ್ ಅಥವಾ ಕರ್ಬಲಾ ಪದಗಳು. ಹೆಜ್ಜೆಮೇಳದವರು ಕುಣಿಯುತ್ತ, ಮುಮ್ಮೇಳದವರು ಹೇಳಿದ್ದನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತ ಹಾಡುತ್ತಾರೆ. ಹಾಡುಗಾರರು ಎಲ್ಲ ಜಾತಿಯವರು, ಹಾಡಿನ ಭಾಷೆ ಅಚ್ಚ ಉತ್ತರ ಕರ್ನಾಟಕದ ಕನ್ನಡ. ಮದುವೆಯಾದ ಕೂಡಲೇ ಕಾಳಗಕ್ಕೆ ನಡೆದ ಕಾಸಿಮ, ನೀರಿಗಾಗಿ ಅಳುವ ಮಗಳು ಸಕೀನಾ, ಒಡೆಯನನ್ನು ಕಳೆದುಕೊಂಡು ಮರಳಿದ ಕುದುರೆ, ಮಕ್ಕಳಿಗಾಗಿ ಮರುಗುವ ಫಾತಿಮಾ ಇವೇ ಇವುಗಳ ವಸ್ತು. ಕರ್ಬಲಾ ಇಲ್ಲಿ ಮರುಭೂಮಿಯಾಗಿ ಉಳಿಯದೆ ಕರಿಮಣ್ಣಿನ ಸೀಮೆಯ ಒಂದು ಊರಾಗುತ್ತದೆ. ಹಾಡುವವನಿಗೆ ಹುಸೇನರು ಪರಧರ್ಮದವರಲ್ಲ, ಅನ್ಯಾಯಕ್ಕೆ ತಲೆಬಾಗದೆ ಮಡಿದ ಮನೆಯ ಮಗ. ಕಳಸದ ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳ ಶರೀಫರೂ (1819–1889) ರಿವಾಯತ್ ಪದಗಳನ್ನು ರಚಿಸಿದ್ದಾರೆ.

ಆಕ್ಷೇಪಗಳು ಮತ್ತು ಬದಲಾವಣೆ

ಈ ಹಬ್ಬಕ್ಕೆ ಎರಡೂ ಕಡೆಗಳಿಂದ ವಿರೋಧವಿದೆ. ಪಂಜಾಗಳಿಗೆ ಪೂಜೆ ಸಲ್ಲಿಸುವುದು, ಬೆಂಕಿಯ ಸುತ್ತ ಕುಣಿಯುವುದು ಏಕದೇವೋಪಾಸನೆಗೆ ಸಲ್ಲದೆಂದು ಮುಸ್ಲಿಂ ಸುಧಾರಣಾವಾದಿಗಳು ಹೇಳುತ್ತಾರೆ. ಸುನ್ನಿಗಳಿಗೆ ಮೊಹರಂ 10 ಮುಖ್ಯವಾಗಿ ಐಚ್ಛಿಕ ಉಪವಾಸದ ದಿನ. ದುಃಖದ ದಿನ ಹುಲಿವೇಷ, ಸೋಗುಗಳ ವಿನೋದ ಸಲ್ಲದೆಂಬ ಆಕ್ಷೇಪವೂ ಇದೆ. ಇನ್ನೊಂದೆಡೆ, ಹಿಂದೂಗಳು ಇದರಲ್ಲಿ ಭಾಗವಹಿಸಬಾರದೆಂಬ ಮಾತಿಗೆ ದೀರ್ಘ ಇತಿಹಾಸವಿದೆ. ಪುಣೆಯಲ್ಲಿ ಹಿಂದೂಗಳು ದೊಡ್ಡ ಸಂಖ್ಯೆಯಲ್ಲಿ ಮೊಹರಂ ಮೆರವಣಿಗೆಗೆ ಸೇರುತ್ತಿದ್ದರು. 1893ರ ಮುಂಬಯಿ ಪ್ರಾಂತದ ಗಲಭೆಗಳ ತರುವಾಯ ಅವರನ್ನು ಅದರಿಂದ ಹೊರತರುವುದೂ ಬಾಲಗಂಗಾಧರ ತಿಲಕರು ಬೆಳೆಸಿದ ಸಾರ್ವಜನಿಕ ಗಣೇಶೋತ್ಸವದ ಉದ್ದೇಶಗಳಲ್ಲಿ ಒಂದಾಗಿತ್ತೆಂದು ಇತಿಹಾಸಕಾರರು ಗುರುತಿಸಿದ್ದಾರೆ.

ಶಾಸ್ತ್ರದ ದೃಷ್ಟಿಯಿಂದ ಈ ಆಕ್ಷೇಪಗಳಿಗೆ ಅವುಗಳದೇ ತರ್ಕವಿದೆ. ಆದರೆ ಹಳ್ಳಿಯಲ್ಲಿ ಹಬ್ಬ ನಿಂತುಹೋದಾಗ ಕಳೆದುಹೋಗುವುದು ಒಂದು ಪೂಜೆಯಷ್ಟೇ ಅಲ್ಲ. ರಿವಾಯತ್ ಹಾಡುವವರ ಮೇಳ, ನೆರೆಯ ಊರಿನೊಡನೆ ಇದ್ದ ಭೇಟಿಯ ಸಂಬಂಧ, ವರ್ಷಕ್ಕೊಮ್ಮೆ ಎಲ್ಲ ಓಣಿಯವರೂ ಒಂದೆಡೆ ಕೂಡಿ ಲೆಕ್ಕ ಹಾಕುವ ಸಂದರ್ಭ ಇವೂ ಇಲ್ಲವಾಗುತ್ತವೆ. ಕೆಲವು ಊರುಗಳಲ್ಲಿ ಮುಸ್ಲಿಂ ಯುವಕರು ಹಿಂದೆ ಸರಿದ ಮೇಲೂ ಹಿಂದೂ ಮನೆತನಗಳು ಹರಕೆಯ ಕಾರಣದಿಂದ ಹಬ್ಬವನ್ನು ಮುಂದುವರಿಸಿವೆ. ಸಂಶೋಧಕ ರಹಮತ್ ತರೀಕೆರೆಯವರು ಊರೂರು ಸುತ್ತಿ ಈ ಪರಂಪರೆಯನ್ನು ಕುರಿತು ‘ಕರ್ನಾಟಕದ ಮೊಹರಂ’ ಎಂಬ ಗ್ರಂಥವನ್ನು ಬರೆದಿದ್ದಾರೆ.