ಮರ್ತ್ಯರಿಗೊಂದು ಎಡಿಟರ್

ಪ್ರೋಗ್ರಾಮಿಂಗ್ ಕಲಿಯಲು ಹೊರಟವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದಿದೆ: ಕೋಡ್ ಬರೆಯಲು ಯಾವ ಎಡಿಟರ್ ಒಳ್ಳೆಯದು? ಉದ್ಯೋಗ ನಿಮಿತ್ತ ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಈಗ ಅಪರೂಪದ್ದಲ್ಲ. ನಾವು ಒಂದು ಹೆಸರು ಹೇಳಿ ಮುಗಿಸಿಬಿಡುತ್ತೇವೆ. ಆದರೆ ಪ್ರತಿಯೊಂದು ಎಡಿಟರಿನ ಬೆನ್ನಿಗೂ ಅದು ಹುಟ್ಟಿದ ಕಾಲದ ಯಂತ್ರವೊಂದಿದೆ. ಆ ಇತಿಹಾಸ ತಿಳಿಯದ ಹೊಸಬರು ಹಳೆಯ ಯಂತ್ರದ ಮಿತಿಯನ್ನು ತಮ್ಮ ಬುದ್ಧಿಯ ಮಿತಿಯೆಂದು ಎಣಿಸಿ ಕುಗ್ಗುವುದನ್ನು ನಾವು ಕಂಡಿದ್ದೇವೆ.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಯೂನಿಕ್ಸ್‌ಗಾಗಿ 'ಎಡ್' ಎಂಬ ಎಡಿಟರ್ ಬರೆದರು. ಆಗ ಎದುರಿಗಿದ್ದದ್ದು ಪರದೆಯಲ್ಲ, ಟೆಲಿಟೈಪ್. ಬರೆದದ್ದೆಲ್ಲ ಕಾಗದದ ಮೇಲೆ ಸೆಕೆಂಡಿಗೆ ಸುಮಾರು 10 ಅಕ್ಷರಗಳಂತೆ ಮೂಡುತ್ತಿತ್ತು. ಕೇಳದ ಹೊರತು ಎಡ್ ಕಡತವನ್ನು ತೋರಿಸುತ್ತಿರಲಿಲ್ಲ. ತಪ್ಪಾದರೆ ಕೊಡುತ್ತಿದ್ದ ಉತ್ತರ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ. ನಿಧಾನವಾಗಿ ಮುದ್ರಿಸುವ ಯಂತ್ರದ ಮುಂದೆ ಈ ಮಿತಭಾಷೆ ವಿವೇಕವೇ ಆಗಿತ್ತು.

ಪರದೆಯ ಟರ್ಮಿನಲ್‌ಗಳು ಬಂದ ಮೇಲೆ ಈ ಮೌನ ಅನಗತ್ಯವಾಯಿತು. 1976ರಲ್ಲಿ ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕೂಲೂರಿಸ್, ತಿದ್ದುತ್ತಿರುವ ಸಾಲನ್ನು ಪರದೆಯ ಮೇಲೆ ತೋರಿಸುವ ಎಡಿಟರ್ ರಚಿಸಿದರು. ಅಲ್ಲಿಗೆ ಭೇಟಿ ನೀಡಿದ್ದ ಥಾಂಪ್ಸನ್, ತಿದ್ದುವಾಗ ಕಡತದ ಸ್ಥಿತಿ ಕಣ್ಣಿಗೆ ಕಾಣುವ ಅಗತ್ಯ ತಮಗಿಲ್ಲವೆಂಬ ಅರ್ಥದ ಮಾತಾಡಿದರಂತೆ. ಕೂಲೂರಿಸ್ ತಮ್ಮ ರಚನೆಗೆ 'ಎಮ್' ಎಂದು ಹೆಸರಿಟ್ಟರು; ಅದರ ವಿಸ್ತರಣೆ 'ಮರ್ತ್ಯರ ಎಡಿಟರ್'. ಎಡ್ ಅಮರರಿಗೆ, ಇದು ನಮ್ಮ ನಿಮ್ಮಂಥವರಿಗೆ ಎಂಬ ವಿನೋದ ಅದರಲ್ಲಿದೆ. ಎಡಿಟರಿನ ಮುಂದಿನ ಚರಿತ್ರೆಯನ್ನೆಲ್ಲ ಈ ಎರಡು ಕಡೆಗಳ ನಡುವಿನ ಎಳೆದಾಟವೆಂದು ಓದಬಹುದು.

ಅದೇ ವರ್ಷದ ಬೇಸಿಗೆಯಲ್ಲಿ ಕೂಲೂರಿಸ್ ಬರ್ಕ್ಲಿಗೆ ಹೋದಾಗ ಬಿಲ್ ಜಾಯ್ ಎಂಬ ವಿದ್ಯಾರ್ಥಿ ಎಮ್ ಅನ್ನು ಕಂಡರು. ಅದರಿಂದ ಬೆಳೆದ ಕೆಲಸವೇ ಮುಂದೆ 'ವಿಐ' ಆಯಿತು. ಜಾಯ್ ಮನೆಯಿಂದ 300 ಬಾಡ್ ಮೋಡೆಮ್ ಮೂಲಕ ಕೆಲಸ ಮಾಡುತ್ತಿದ್ದರು. ಸೆಕೆಂಡಿಗೆ ಸುಮಾರು 30 ಅಕ್ಷರ ಸಾಗುವ ತಂತಿಯ ಮೇಲೆ ಆಜ್ಞೆಗಳು ಒಂದೆರಡು ಅಕ್ಷರಗಳಷ್ಟೇ ಇರಬೇಕಿತ್ತು. ಅವರು ಬಳಸಿದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಇದ್ದವು. 1991ರಲ್ಲಿ ಬ್ರಾಮ್ ಮೂಲೆನಾರ್ ಬಿಡುಗಡೆ ಮಾಡಿದ 'ವಿಮ್' ಇಂದಿಗೂ ಆ ಕೀಲಿಗಳನ್ನು ಉಳಿಸಿಕೊಂಡಿದೆ. ವಿಮ್‌ನಿಂದ ಹೊರಬರುವುದು ಹೇಗೆಂದು ಸ್ಟಾಕ್ ಓವರ್‌ಫ್ಲೋ ತಾಣದಲ್ಲಿ 2012ರಲ್ಲಿ ಒಬ್ಬರು ಕೇಳಿದ ಪ್ರಶ್ನೆಯನ್ನು 2017ರ ವೇಳೆಗೆ 10 ಲಕ್ಷಕ್ಕೂ ಹೆಚ್ಚು ಬಾರಿ ನೋಡಲಾಗಿತ್ತು. ಅವರೆಲ್ಲ ದಡ್ಡರಲ್ಲ, ತಾವು ಕಾಣದ ಯಂತ್ರವೊಂದರ ನಿಯಮಗಳಿಗೆ ಸಿಲುಕಿದ್ದವರು.

1983ರಲ್ಲಿ ಬೋರ್ಲ್ಯಾಂಡ್ ಕಂಪನಿಯ 'ಟರ್ಬೊ ಪಾಸ್ಕಲ್' 49.95 ಡಾಲರಿಗೆ ಎಡಿಟರ್ ಮತ್ತು ಕಂಪೈಲರ್ ಎರಡನ್ನೂ ಒಂದೇ ಕಡೆ ಕೊಟ್ಟಿತು. ತಪ್ಪಾದರೆ ಕರ್ಸರ್ ಆ ಜಾಗಕ್ಕೇ ಹೋಗಿ ನಿಲ್ಲುತ್ತಿತ್ತು. ಮರ್ತ್ಯರ ಪಾಲಿಗೆ ಅದು ದೊಡ್ಡ ಜಯ. ಅದೇ ಪರಿವಾರದ ಟರ್ಬೊ ಸಿಯ ನೀಲಿ ಪರದೆಯ ಮುಂದೆಯೇ ನಮ್ಮಲ್ಲಿ ಅನೇಕರು ಅಕ್ಷರಾಭ್ಯಾಸ ಮಾಡಿದೆವು. ಆದರೆ ಸಿ++ ಭಾಷೆಗೆ 1998ರಲ್ಲಿ ಅಧಿಕೃತ ಮಾನಕ ಬಂದ ಎಷ್ಟೋ ವರ್ಷಗಳ ಮೇಲೂ ಭಾರತದ ಹಲವು ತರಗತಿಗಳಲ್ಲಿ ಆ ನೀಲಿ ಪರದೆ ಕದಲಲಿಲ್ಲ. ಅಲ್ಲಿ ನೂರಕ್ಕೆ ನೂರು ಪಡೆದವರು ಬರೆದ ಮೊದಲ ಸಾಲನ್ನೇ ಕೆಲಸದ ಜಾಗದ ಕಂಪೈಲರ್ ತಿರಸ್ಕರಿಸಿತು. ಸುಲಭವಾದದ್ದೂ ಕಾಲ ಮೀರಿದರೆ ಸಂಕೋಲೆಯಾಗುತ್ತದೆ.

ಟರ್ಬೊ ಪಾಸ್ಕಲ್ ಬರೆದ ಆಂಡರ್ಸ್ ಹೈಲ್ಸ್‌ಬರ್ಗ್ ಅವರೇ ಮುಂದೆ ಮೈಕ್ರೋಸಾಫ್ಟ್‌ನಲ್ಲಿ ಟೈಪ್‌ಸ್ಕ್ರಿಪ್ಟ್ ಭಾಷೆಯನ್ನು ರೂಪಿಸಿದರು. 2015ರಲ್ಲಿ ಪ್ರಕಟವಾದ, ಇಂದು ಹೊಸಬರಿಗೆ ಹೆಚ್ಚಾಗಿ ಶಿಫಾರಸಾಗುವ ವಿಷುಯಲ್ ಸ್ಟುಡಿಯೋ ಕೋಡ್ ಬರೆಯಲ್ಪಟ್ಟಿರುವುದು ಅದೇ ಭಾಷೆಯಲ್ಲಿ. 2016ರಲ್ಲಿ ಬಂದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಇನ್ನೂ ಮಹತ್ವದ್ದು. ಭಾಷೆಯ ಜ್ಞಾನವನ್ನು ಅದು ಎಡಿಟರಿನಿಂದ ಬೇರ್ಪಡಿಸಿತು; ಒಂದೇ ಸಹಾಯಕ ಪ್ರೋಗ್ರಾಮು ಈಗ ಹಲವು ಎಡಿಟರುಗಳಿಗೆ ತಪ್ಪು ತೋರಿಸಿಕೊಡಬಲ್ಲದು. ಹೀಗಾಗಿ ಮೊದಲ ಆಯ್ಕೆ ತಪ್ಪಿದರೆ ಎಲ್ಲ ಮುಗಿಯಿತೆಂಬ ಭಯಕ್ಕೆ ಇಂದು ಆಧಾರವಿಲ್ಲ.

ನಮಗೆ ಇನ್ನೊಂದು ಪರೀಕ್ಷೆಯೂ ಉಂಟು. ಟರ್ಮಿನಲ್ ಪರಂಪರೆ ಅಕ್ಷರಗಳನ್ನು ಸಮಾನ ಅಗಲದ ಚೌಕಗಳಲ್ಲಿ ಕೂರಿಸುತ್ತದೆ. 'ಸ್ತ್ರೀ' ಎಂಬ ಒಂದೇ ಅಕ್ಷರ ಯೂನಿಕೋಡ್‌ನಲ್ಲಿ ಆರು ಸಂಕೇತಗಳು. ಆ ಚೌಕಗಳಲ್ಲಿ ಅದು ಚದುರಿಹೋಗುವುದುಂಟು. ಮನೆಯ ಮಗು ತನ್ನ ಪ್ರೋಗ್ರಾಮಿನಲ್ಲಿ ಕನ್ನಡದ ಟಿಪ್ಪಣಿಯೊಂದನ್ನು ಬರೆಯಬಯಸಿದರೆ, ಎಡಿಟರನ್ನು ಒಪ್ಪುವ ಮುನ್ನ ಒಂದು ಸಾಲು ಕನ್ನಡ ಬರೆದು ನೋಡುವುದು ಲೇಸು.

ಆದ್ದರಿಂದ ಕೇಳಿದವರಿಗೆ ನಾವು ಹೇಳಬಹುದಾದದ್ದು ಇಷ್ಟು. ಕಡತವನ್ನು ತೆರೆಯಲು, ಉಳಿಸಲು, ಮುಚ್ಚಲು ಪುಸ್ತಕ ಬೇಡದ ಎಡಿಟರೊಂದನ್ನು ಹಿಡಿಯಿರಿ. ಕೆಲವು ತಿಂಗಳು ಬದಲಿಸಬೇಡಿ. ದೂರದ ಸರ್ವರ್‌ಗಳಲ್ಲಿ ಎದುರಾಗುವುದು ಹೆಚ್ಚಾಗಿ ವಿಐ ಅಥವಾ ಅದರ ಸಂತತಿಯೇ ಆದ್ದರಿಂದ, ಅದರೊಳಗೆ ಹೋಗಿ ಹೊರಬರುವಷ್ಟನ್ನು ಬಿಡುವಾದಾಗ ಕಲಿಯಿರಿ. ಯಾವುದಾದರೂ ಕೀಲಿ ವಿಚಿತ್ರವೆನಿಸಿದರೆ ನಿಮ್ಮನ್ನು ಹಳಿದುಕೊಳ್ಳಬೇಡಿ. ಯಾರೋ ಒಬ್ಬರು ಯಾವುದೋ ನಿಧಾನದ ತಂತಿಯ ತುದಿಯಲ್ಲಿ ಕುಳಿತು ಅದನ್ನು ಹಾಗೆ ಇಟ್ಟಿರಬಹುದು.